ಕುಲುಮೆ ಮನೆಯ ಅಂಜಿಕೆ

ಮುಂಗಾರಿನ ಮೋಡ ಕಟ್ಟಿದರೆ ಅಳವಂಡಿಯ ಮಂದಿಯೆಲ್ಲ ಖುಷಿಯಿಂದ ಅಂಗಳಕ್ಕೆ ಇಳಿಯುತ್ತಿದ್ದರು. ನಮ್ಮ ಮನೆಯವರು ಮಾತ್ರ ಮುಖ ಸಪ್ಪಗೆ ಮಾಡಿಕೊಂಡು ಮಾಳಿಗೆ ಎಲ್ಲಿ ಸೋರೀತೆಂದು ನೋಡುತ್ತಿದ್ದರು. ನೀರಿಗಾಗಿ ಬಾಯಿ ಬಿಡುವ ಸೀಮೆಯಲ್ಲಿ ನೀರಿಗೆ ಅಂಜುವ ಮನೆ ಬಹುಶಃ ನಮ್ಮದೊಂದೇ. ನಮ್ಮಪ್ಪ ಕಂಚು ಎರೆಯುವವನು. ಊಟದ ತಟ್ಟೆ, ಭಜನೆಯ ತಾಳ, ಜಾಗಟೆ, ಗುಡಿಯ ಗಂಟೆ ಎಲ್ಲ ನಮ್ಮ ಹಿತ್ತಿಲಿನಲ್ಲೇ ತಯಾರಾಗುತ್ತಿದ್ದವು. ಮನೆ ಉದ್ದಕ್ಕಿತ್ತು. ಮುಂದೆ ಪಡಸಾಲೆ, ನಡುವೆ ಅಡುಗೆಮನೆ, ಅದಕ್ಕೆ ಹತ್ತಿಕೊಂಡು ದೇವರ ಕೋಣೆ, ಹಿಂದೆ ಸಣ್ಣದೊಂದು ಅಂಗಳ, ಅದನ್ನು ದಾಟಿದರೆ ತಗಡು ಹೊದಿಸಿದ ಕುಲುಮೆ ಮನೆ. ಎಲ್ಲರ ಬಚ್ಚಲು ಹಿತ್ತಿಲಿನಲ್ಲಿದ್ದರೆ ನಮ್ಮದು ಬೀದಿಯ ಕಡೆಗಿತ್ತು. ಹೋಗಿಬರುವವರು ನಗುತ್ತಿದ್ದರು. ಅದನ್ನು ಅಲ್ಲಿ ಕಟ್ಟಿಸಿದವಳು ಆಯಿ, ನಮ್ಮಪ್ಪನ ತಾಯಿ. ಮನೆಯಲ್ಲಿ ನಡೆಯುತ್ತಿದ್ದದ್ದು ಆಕೆಯದೇ ಕಾನೂನು, ಆ ಕಾನೂನಿನಲ್ಲಿ ಮೊದಲನೆಯದು ನೀರಿನದು.

"ಕುಲುಮಿ ಹೊಸ್ತಿಲಾ ದಾಟಿ ಒಂದ ಹನಿ ನೀರು ಹೋಗಬಾರದು. ಹೋತಂದ್ರ ಮನ್ಯಾಗ ಒಂದ ಜೀವ ಹೋಗತೈತಿ."

ಕುದಿಯುವ ಕಂಚಿನೊಳಗೆ ನೀರು ಬಿದ್ದರೆ ಅದು ಆವಿಯಾಗಿ ಮೇಲೇಳಲು ದಾರಿ ಸಿಗದೆ ಸಿಡಿಯುತ್ತದೆ, ತನ್ನ ಮೇಲಿನ ಕಂಚನ್ನೆಲ್ಲ ಎರಚಿ ಹಾಕುತ್ತದೆ. ಇಷ್ಟು ನನಗೆ ತಿಳಿದದ್ದು ಬಹಳ ತಡವಾಗಿ. ಆಗ ನನಗೆ ಗೊತ್ತಿದ್ದದ್ದು ಅಜ್ಜನ ಮುಖವೊಂದೇ. ಅಜ್ಜ ತೀರಿಕೊಂಡಾಗ ನಾನು ಬಹಳ ಚಿಕ್ಕವಳು, ಆದರೂ ಆತನ ಎಡಗೆನ್ನೆ ಕಣ್ಣಿಗೆ ಕಟ್ಟಿದಂತಿದೆ. ಕೂದಲಿಲ್ಲದೆ, ಸುಕ್ಕಿಲ್ಲದೆ ಮಿಣಮಿಣ ಹೊಳೆಯುತ್ತಿತ್ತು. ಆ ಕಡೆಯ ಕಣ್ಣು ಮುಚ್ಚಿಯೇ ಇರುತ್ತಿತ್ತು. ಆತ ಸತ್ತ ಮೇಲೂ ಆಯಿ ಅದರ ಕತೆ ಬಿಡಲಿಲ್ಲ. ಅದನ್ನು ಹೇಳಲು ಆಕೆಗೆ ಊಟದ ಹೊತ್ತೇ ಬೇಕಾಗುತ್ತಿತ್ತು.

"ಕಂಚು ಕಲಸೂ ಸರಳಿಗೆ ಒಂದ ಹನಿ ಹತ್ತಿತ್ತು, ಅಷ್ಟ. ಕಂಚು ಎದ್ದು ಮಾರಿಗೆ ಹಾರಿತು. ಚರ್ಮ ಕೈಗೇ ಬಂತು. ಉಣ್ಣು, ರೊಟ್ಟಿ ತಣ್ಣಗಾಗತೈತಿ."

ತಲೆಗೆ ನೀರು ಹಾಕಿಕೊಂಡ ಹೆಂಗಸರು ಕೂದಲು ಒಣಗುವವರೆಗೆ ಹಿಂದಿನ ಅಂಗಳಕ್ಕೂ ಕಾಲಿಡುವಂತಿರಲಿಲ್ಲ. ಅಪ್ಪ ಹಣೆಗೆ ದಪ್ಪನೆಯ ಟಾವೆಲ್ ಬಿಗಿದುಕೊಂಡು ಕುಲುಮೆಯ ಮುಂದೆ ಕೂರುತ್ತಿದ್ದ, ಬೆವರು ತೊಟ್ಟಿಕ್ಕಬಾರದಲ್ಲ. ಅಳುವುದಿದ್ದರೆ ಪಡಸಾಲೆಗೆ ಹೋಗಿ ಅಳಬೇಕು. ನನ್ನ ಕಣ್ಣೀರಿನ ಒಂದು ಹನಿ ಬಿದ್ದರೆ ಅಪ್ಪನ ಮುಖವೂ ಅಜ್ಜನ ಮುಖದಂತಾಗುತ್ತದೆ ಎಂದು ನಾನು ಖರೇನೇ ನಂಬಿದ್ದೆ. ಅವ್ವ ಗಂಗಾವತಿ ಹತ್ತಿರದ ಮರಳಿಯವಳು. ಅಲ್ಲಿ ಕಾಲುವೆಯ ನೀರು ಮನೆ ಮುಂದೆಯೇ ಹರಿಯುತ್ತದೆ, ಮಕ್ಕಳು ಮುಂಜಾನೆಯಿಂದ ಸಂಜೆವರೆಗೆ ಅದರಲ್ಲೇ ಬಿದ್ದಿರುತ್ತಾರೆ. ಅಂಥ ಊರಿಂದ ಬಂದವಳಿಗೆ ನಮ್ಮ ಮನೆಯ ಈ ಅಂಜಿಕೆ ಮೊದಮೊದಲು ಹುಚ್ಚಾಟದಂತೆ ಕಂಡಿತಂತೆ. ಅಜ್ಜನ ಮುಖ ನೋಡಿದ ಮೇಲೆ ಸುಮ್ಮನಾದಳಂತೆ.

ನೀರಿನ ಅಂಜಿಕೆ ಹೊರಗಿನದು. ಅದಕ್ಕಿಂತ ವಿಚಿತ್ರವಾದ ಇನ್ನೊಂದು ಅಂಜಿಕೆ ನನಗೆ ಲೋಹಗಳ ಮೇಲೇ ಇತ್ತು. ಅಡುಗೆಮನೆಯಲ್ಲಿ ಪ್ರತಿ ಪಾತ್ರೆಗೂ ಒಂದು ನಡತೆ. ಕುಡಿಯುವ ನೀರು ತಾಮ್ರದ ಕೊಡದಲ್ಲಿ. ಊಟ ಕಂಚಿನ ತಟ್ಟೆಯಲ್ಲಿ. ಹಿತ್ತಾಳೆ ಬೋಗುಣಿಗೆ ಕಲಾಯಿ ಹಾಕಿಸದೆ ಮಜ್ಜಿಗೆಯನ್ನಾಗಲಿ ಹುಣಸೆ ಹುಳಿಯನ್ನಾಗಲಿ ಹಾಕಿದರೆ ಕಿಲುಬು ಬಂದು ವಿಷವಾಗುತ್ತದೆ. ಕಲಾಯಿ ಸವೆದಿದೆಯೇ ಎಂದು ಅವ್ವ ಬೆಳಕಿಗೆ ಹಿಡಿದು ನೋಡುವಾಗ ನಾನು ಪಕ್ಕದಲ್ಲೇ ನಿಂತು ಮತ್ತೊಮ್ಮೆ ನೋಡು ಎಂದು ಪೀಡಿಸುತ್ತಿದ್ದೆ. ಒಂದು ದಿನ ಪಡಸಾಲೆಗೆ ಬಂದ ನೆಂಟರ ಕೈಯಿಂದ ಕಂಚಿನ ತಟ್ಟೆ ಜಾರಿ ಕಲ್ಲಿನ ಮೇಲೆ ಬಿದ್ದು, ಮಣ್ಣಿನ ಗಡಿಗೆಯಂತೆ ಎರಡು ಹೋಳಾಯಿತು. ತಾಮ್ರದ ತಂಬಿಗೆ ಬಿದ್ದರೆ ಒಂದು ನೆಗ್ಗು ಬೀಳುತ್ತಿತ್ತು, ಅಷ್ಟೆ. ಇಷ್ಟು ಗಟ್ಟಿಯಾದ ತಟ್ಟೆ ಒಡೆದದ್ದು ಹೇಗೆಂದು ನಾನು ಹಿಂದೆ ಬಿದ್ದು ಕೇಳಿದ್ದಕ್ಕೆ ಅಪ್ಪ ನನ್ನನ್ನು ಕುಲುಮೆ ಮನೆಗೆ ಕರೆದುಕೊಂಡು ಹೋದ. ಬೆಂಕಿ ಇರದ ದಿನ ಅದು. ಒಂದು ತಾಮ್ರದ ಕಡ್ಡಿ ಕೊಟ್ಟ, ನನ್ನ ಪುಟ್ಟ ಕೈಗೂ ಬಗ್ಗಿತು. ಆಮೇಲೆ ಬೆಳ್ಳಗಿನ ತವರದ ಕಡ್ಡಿ ಕೊಟ್ಟ.

"ಕಿವಿ ಹತ್ತರ ಹಿಡಿದು ಬಗ್ಗಸು."

ಬಗ್ಗಿಸಿದೆ. ಕಡ್ಡಿಯೊಳಗಿಂದ ಚಿರ್ರ್ ಎಂದು ಸಣ್ಣ ದನಿ ಬಂತು. ನಾನು ಅದನ್ನು ಒಗೆದು ಅಪ್ಪನ ಹಿಂದೆ ಅವಿತುಕೊಂಡೆ.

"ಅಂಜಬ್ಯಾಡ. ತವರ ಹಂಗ, ಬಗ್ಗಿಸಿದ್ರ ಅಳತೈತಿ. ಇವೆರಡನ್ನೂ ಕೂಡಿಸಿ ಕರಗಿಸಿದ್ರನ ಕಂಚು."

"ತಾಮ್ರನೂ ಮೆತ್ತಗ, ತವರನೂ ಮೆತ್ತಗ. ಕೂಡಿದ್ರ ಯಾಕ ಗಟ್ಟಿ ಆಗತೈತಿ?"

ಅಪ್ಪ ತಾಮ್ರದ ಕಡ್ಡಿಯನ್ನು ಎತ್ತಿ ಹಿಡಿದ.

"ನೋಡು, ತಾಮ್ರ ಅಂದ್ರ ಒಂದ ಮನಿ ಮಂದಿ. ತಮ್ಮ ತಮ್ಮೊಳಗ ಹೆಂಗ ಬೇಕಾದ್ರೂ ಸರಕೊಂಡು ಕುಂದರತಾರ. ನಡುವ ಬ್ಯಾರೆ ಮನ್ಯಾಗಿಂದ ಒಬ್ಬರು ಬಂದು ಕುಂತ್ರ ಸರದಾಡಾಕ ಬರೂದಿಲ್ಲ, ಬಿಗೀತೈತಿ. ತವರ ಕಡಿಮಿ ಬಿತ್ತಂದ್ರ ಗಂಟಿ ಮೂಕ ಆಗತೈತಿ. ಹೆಚ್ಚಾತಂದ್ರ ನಾಲಿಗಿ ಬಡದ ಕೂಡ್ಲೇ ಸೀಳತೈತಿ. ನಾಕ ಪಾಲು ತಾಮ್ರಕ್ಕ ಒಂದ ಪಾಲು ತವರ, ಮ್ಯಾಲೊಂದ ಚೂರು."

ಬಾಗಿಲಲ್ಲಿ ಇದ್ದಲಿಯ ಬುಟ್ಟಿ ಹಿಡಿದು ನಿಂತಿದ್ದ ಅವ್ವ ನಕ್ಕು, "ಯಾರು ಬ್ಯಾರೆ ಮನ್ಯಾಗಿಂದ ಬಂದಾಕಿ, ನಾನ?" ಎಂದಳು. ಮುಂದೆ ಕುಷ್ಟಗಿಯ ಸರಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸುವಾಗ ಕರಿಹಲಗೆಯ ಮೇಲೆ ಮಿಶ್ರಲೋಹ ಎಂದು ಬರೆದು, ಶುದ್ಧ ಲೋಹದಲ್ಲಿ ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಜಾರುತ್ತವೆ, ಬೇರೆ ಗಾತ್ರದ ಪರಮಾಣು ನಡುವೆ ಸೇರಿದರೆ ಜಾರಲಾರವು ಎಂದು ಮಕ್ಕಳಿಗೆ ವರ್ಷಾ ವರ್ಷ ಹೇಳಿದ್ದೇನೆ. ಹೇಳುವಾಗ ನನಗೆ ಪರಮಾಣುಗಳು ಕಾಣುತ್ತಿರಲಿಲ್ಲ, ಒತ್ತೊತ್ತಾಗಿ ಕುಳಿತ ನಮ್ಮ ಮನೆಯವರೇ ಕಾಣುತ್ತಿದ್ದರು. ಆದರೆ ಆ ದಿನ ನನಗಾದದ್ದು ಬರೀ ಭಯ. ಅಳುವ ತವರ ಲೋಹ ಕರಗಿಸುವ ಮೂಸೆಯೊಳಗೆ ಹೋದ ಮೇಲೆ ಅದರ ಅಳು ಎಲ್ಲಿ ಹೋಯಿತು, ಕೆಂಪು ತಾಮ್ರದ ಕೆಂಪು ಎಲ್ಲಿ ಹೋಯಿತು? ಮೂಸೆಗೆ ಬಿದ್ದದ್ದು ಯಾವುದೂ ತಾನಾಗಿ ಹೊರಗೆ ಬರುವುದಿಲ್ಲ ಎನ್ನುವುದು ತಲೆಯೊಳಗೆ ಹೊಕ್ಕು, ಆ ಮಣ್ಣಿನ ಪಾತ್ರೆಯ ಬಾಯಿ ಕಂಡರೆ ಸಾಕು ನನ್ನ ಕಾಲು ತಣ್ಣಗಾಗುತ್ತಿದ್ದವು.

ಹಿತ್ತಾಳೆ ಎರೆಯುವ ದಿನಗಳು ಇನ್ನೂ ಕೆಟ್ಟವು. ತಾಮ್ರಕ್ಕೆ ತವರದ ಬದಲು ಸತು ಸೇರಿಸಿದರೆ ಹಿತ್ತಾಳೆ. ಸತು ಬಿದ್ದ ಕೂಡಲೇ ಮೂಸೆಯ ಬಾಯಲ್ಲಿ ಹಸಿರು ಉರಿ ಏಳುತ್ತಿತ್ತು, ಬೆಳ್ಳನೆಯ ಹೊಗೆ ಕುಲುಮೆ ಮನೆಯ ತುಂಬ ತುಂಬಿ ಅರಳೆಯ ಎಳೆಯಂಥ ಬೂದಿ ಹಾರಾಡುತ್ತಿತ್ತು. ಆ ಸಂಜೆ ಅಪ್ಪನಿಗೆ ತಪ್ಪದೆ ಚಳಿ. ಎರಡು ಕೌದಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿದ್ದವು. ಆಯಿ ಬೆಲ್ಲ ಹಾಕಿದ ಬಿಸಿ ಹಾಲು ಕೊಟ್ಟು, "ಹಿತ್ತಾಳಿ ಚಳಿ ಇದು, ಮುಂಜಾನಿ ಇರೂದಿಲ್ಲ" ಎಂದು ತನ್ನ ಕೆಲಸಕ್ಕೆ ಹೋಗುತ್ತಿದ್ದಳು. ಮುಂಜಾನೆ ಅದು ನಿಜಕ್ಕೂ ಇರುತ್ತಿರಲಿಲ್ಲ. ಅಪ್ಪ ಎದ್ದು ರೊಟ್ಟಿ ಕೇಳುತ್ತಿದ್ದ. ನಾನು ಮಾತ್ರ ಪ್ರತಿ ಸಲವೂ ಆತ ಸಾಯುತ್ತಾನೆಂದೇ ತಿಳಿದು, ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತ ಕೂರುತ್ತಿದ್ದೆ. ಹೀಗೆ ಅಂಜಿ ಅಂಜಿ ಮನೆಯಲ್ಲಿ ನನ್ನ ಬೆಲೆ ಕಳೆದುಕೊಂಡಿದ್ದೆ. ಒದ್ದೆ ನಾಯಿ ಅಂಗಳಕ್ಕೆ ಬಂದರೆ ಕೂಗುತ್ತಿದ್ದೆ, ಹಲ್ಲಿಯನ್ನು ಹನಿ ಎಂದು ತಿಳಿದು ಕೂಗುತ್ತಿದ್ದೆ. ಒಮ್ಮೆ ತಾಳ ಎರೆಯುವಾಗ ಅಪ್ಪನ ಗದ್ದದಲ್ಲಿ ಬೆವರು ಕಂಡು ಕಿಟಾರನೆ ಕಿರುಚಿದೆ. ಆತ ಬೆಚ್ಚಿ ಕೈ ಅಲುಗಿಸಿದ, ಕಂಚು ಅರ್ಧ ನೆಲದ ಪಾಲಾಯಿತು. ಯಾರಿಗೂ ತಾಗಲಿಲ್ಲ ಎನ್ನುವುದೇ ಪುಣ್ಯ. ಆಯಿ ನನ್ನ ಕಿವಿ ಹಿಂಡಿ ಹೊರಗೆ ತಂದಳು.

"ಇನ್ನೊಮ್ಮಿ ಕುಲುಮ್ಯಾಗ ಬಾಯಿ ತಗದೀ ಅಂದ್ರ ನಾಲಿಗಿಗೆ ಬರಿ ಕೊಡತೀನಿ, ನೋಡ."

ಆಯಿ ಹೇಳಿದ್ದನ್ನು ಮಾಡುವವಳು. ಅಂದಿನಿಂದ ಕುಲುಮೆ ಮನೆಯಲ್ಲಿ ನನ್ನ ಬಾಯಿ ಕಟ್ಟಿತು, ಅಂಜಿಕೆ ಮಾತ್ರ ಒಳಗೇ ಉಳಿಯಿತು.

ಆ ವರ್ಷವೇ ನಮ್ಮ ಕಾಕಾ, ಅಪ್ಪನ ತಮ್ಮ, ಕೊಪ್ಪಳದ ಕಡೆ ಹೊಸದಾಗಿ ಎದ್ದ ಕಬ್ಬಿಣದ ಕಾರ್ಖಾನೆಗೆ ಕೆಲಸಕ್ಕೆ ಸೇರಿದ. ದೊಡ್ಡ ಮೂಸೆಯನ್ನು ಬೆಂಕಿಯಿಂದ ಎತ್ತಲು ಇಬ್ಬರು ಬೇಕು. ಈ ಕಡೆ ಒಬ್ಬ, ಆ ಕಡೆ ಒಬ್ಬ, ನಡುವೆ ಜೋಡಿ ಇಕ್ಕಳದಲ್ಲಿ ಮೂಸೆ. ಕಾಕಾ ಹೋದ ಮೇಲೆ ಅಪ್ಪ ಒಬ್ಬನೇ ಎತ್ತಬಹುದಾದ ಸಣ್ಣಪುಟ್ಟ ಸಾಮಾನಷ್ಟೇ ಮಾಡುತ್ತಿದ್ದ. ಅಂಥ ಹೊತ್ತಿನಲ್ಲಿ ಇಟಗಿಯ ದಾರಿಯ ಒಂದು ಹಳ್ಳಿಯ ಗೌಡರು ಹಿರಿಯರನ್ನು ಕಟ್ಟಿಕೊಂಡು ಬಂದು, ತಮ್ಮೂರ ಗುಡಿಗೆ ಗಂಟೆ ಬೇಕು ಎಂದರು. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಅಷ್ಟು ದೊಡ್ಡದನ್ನು ಯಾರೂ ಎರೆದಿರಲಿಲ್ಲ, ಅಜ್ಜನೂ ಸೇರಿ. ಅಪ್ಪನ ಮುಖ ಅರಳಿದ್ದನ್ನು ನಾನು ನೋಡಿದೆ. ಕಾಕಾನಿಗೆ ರಜೆ ಸಿಗಲಿಲ್ಲ. ಕೂಲಿಯವನನ್ನು ಕರೆಯೋಣವೆಂದರೆ, ಬೆಂಕಿ ಗೊತ್ತಿಲ್ಲದವನು ಸೆಕೆಗೆ ಅಂಜಿ ನಡುವೆ ಕೈಬಿಟ್ಟರೆ ಮುಗಿಯಿತು. ಊಟಕ್ಕೆ ಕುಳಿತಾಗ ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು.

"ನಾ ಹಿಡೀತೀನ್ರಿ ಆ ಕಡೆ."

ಆಯಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟಳು.

"ಹೆಣ್ಣಮಕ್ಕಳು ಮೂಸಿ ಎತ್ತಿದ ಮನಿ ಯಾವುದೈತಿ ಹೇಳು?"

"ಮರಳ್ಯಾಗ ಭತ್ತದ ಚೀಲ ಎತ್ತಿದ ಕೈ ಇವು, ಅತ್ತೀ. ಭಾರ ನನಗ ಹೊಸಾದಲ್ಲ."

"ಭಾರದ ಮಾತಲ್ಲ. ಇಷ್ಟು ದಿನ ಒಬ್ಬಾಂವ ಬೆಂಕಿ ಮುಂದ ನಿಲ್ಲತಿದ್ದ. ನಾಳೆ ನೀವಿಬ್ಬರೂ ನಿಂತು, ಇಬ್ಬರಿಗೂ ಏನರ ಆತಂದ್ರ ಈ ಹುಡುಗಿಗೆ ಯಾರು?"

ನಾನು ಅಲ್ಲೇ ಕುಳಿತಿದ್ದೆ. ಅಲ್ಲಿಯವರೆಗೆ ನನ್ನ ಅಂಜಿಕೆ ಅಪ್ಪನ ಮುಖದ ಬಗ್ಗೆ ಇತ್ತು, ನನ್ನ ಬಗ್ಗೆ ಇರಲಿಲ್ಲ. ಇಬ್ಬರೂ ಹೋಗಿಬಿಡಬಹುದು, ನಾನು ಒಬ್ಬಳೇ ಉಳಿಯಬಹುದು ಎನ್ನುವುದು ಆಯಿಯ ಬಾಯಿಂದಲೇ ನನ್ನ ಕಿವಿಗೆ ಬಿತ್ತು. ಜಗಳ ಕೆಲವು ದಿನ ನಡೆದು, ಕೊನೆಗೆ ಗೆದ್ದವಳು ಅವ್ವ, ಏಕೆಂದರೆ ಬೇರೆ ದಾರಿ ಇರಲಿಲ್ಲ. ಅಪ್ಪ ತಣ್ಣನೆಯ ಮೂಸೆಗೆ ಉಸುಕು ತುಂಬಿ ಆಕೆಗೆ ನಡೆಯುವುದನ್ನು ಕಲಿಸಿದ. ಎತ್ತು, ತಿರುಗು, ಒಂದೇ ಹೆಜ್ಜೆಗೆ ಹೆಜ್ಜೆ, ಬಗ್ಗಿಸು. ಇಬ್ಬರೂ ಅಂಗಳದಲ್ಲಿ ಉಸುಕು ಹೊತ್ತು ಅತ್ತಿಂದಿತ್ತ ನಡೆಯುತ್ತಿದ್ದರೆ ನೆರೆಯವರು ಗೋಡೆಯ ಮೇಲಿಂದ ನೋಡಿ ನಗುತ್ತಿದ್ದರು. ನಾನು ಅವ್ವನ ಪಾದಗಳನ್ನೇ ನೋಡುತ್ತಿದ್ದೆ. ಆಕೆಗೆ ಚಪ್ಪಲಿ ಹಾಕಿ ನಡೆದು ರೂಢಿ ಇರಲಿಲ್ಲ.

ಗಂಟೆಯ ಅಚ್ಚು ಮೇಣ, ಜೇಡಿಮಣ್ಣು, ಸಗಣಿ, ಭತ್ತದ ಹೊಟ್ಟು ಸೇರಿ ತಯಾರಾಗಿ ವಾರಗಟ್ಟಲೆ ಒಣಗಿತು. ಬೆರಣಿಯ ಬೆಂಕಿಯಲ್ಲಿ ಸುಟ್ಟಾಗ ಒಳಗಿನ ಮೇಣ ಕರಗಿ ಹೊರಗೆ ಹರಿದು, ಗಂಟೆಯ ಆಕಾರದ ಖಾಲಿ ಜಾಗ ಉಳಿಯಿತು. ಅಚ್ಚಿನಲ್ಲಿ ತೇವ ಉಳಿದಿದ್ದರೂ ಅಪಾಯವೇ. ಅಪ್ಪ ದಿನಾಲೂ ಅಚ್ಚಿಗೆ ಸಣ್ಣ ಬೆಂಕಿ ಕೊಟ್ಟು, ಅದರ ಬಾಯಿಗೆ ಒಂದು ತಣ್ಣನೆಯ ಕಂಚಿನ ತಟ್ಟೆ ಮುಚ್ಚಿ, ತೆಗೆದು ನೋಡುತ್ತಿದ್ದ. ತಟ್ಟೆಗೆ ಮಂಜು ಹಿಡಿದಿದ್ದರೆ ಮತ್ತೆ ಸುಡುತ್ತಿದ್ದ. ಆತ ನೋಡಿದ ಮೇಲೆ ನಾನೂ ಕದ್ದು ಹೋಗಿ ನೋಡುತ್ತಿದ್ದೆ. ತಟ್ಟೆ ಒಣಗಿ ಬಂದ ದಿನ ಗೌಡರಿಗೆ ಹೇಳಿ ಕಳಿಸಿದರು.

ಗಂಟೆ ಎರೆಯುವ ದಿನ ಆ ಊರಿನ ಪ್ರತಿ ಮನೆಯವರೂ ತಮ್ಮ ಮನೆಯ ಒಂದು ಚೂರು ಲೋಹವನ್ನು ಮೂಸೆಗೆ ಹಾಕುವುದು ಪದ್ಧತಿ. ಊರಿಗೆ ಊರೇ ಗಾಡಿ, ಟ್ರ್ಯಾಕ್ಟರ್ ಹತ್ತಿ ಬಂದಿತ್ತು. ಆಯಿ ಕುಲುಮೆ ಮನೆಯ ಹೊಸ್ತಿಲಲ್ಲಿ ಕುಳಿತು ಒಂದೊಂದನ್ನೇ ಕಲ್ಲಿಗೆ ತಾಗಿಸಿ ದನಿ ಕೇಳಿ ಆರಿಸುತ್ತಿದ್ದಳು. ಒಡೆದ ಕಂಚಿನ ಬಟ್ಟಲು, ತಾಮ್ರದ ಉದ್ಧರಣೆ, ಬೆಳ್ಳಿ ಕಾಲುಂಗುರ ಒಳಗೆ ಹೋಗುತ್ತಿದ್ದವು. ಅಲ್ಯುಮಿನಿಯಂ, ಸೀಸ ಬಂದರೆ, "ಇದು ಗಂಟಿ ದನಿ ತಿಂತೈತಿ, ಮನಿಗೆ ಒಯ್ಯವ್ವಾ" ಎಂದು ವಾಪಸು ಕೊಡುತ್ತಿದ್ದಳು. ಹೋದದ್ದನ್ನೆಲ್ಲ ಅಪ್ಪ ಕುಲುಮೆಯ ಬಿಸಿ ದಂಡೆಯ ಮೇಲೆ ಸಾಲಾಗಿ ಇಟ್ಟು, ಚೆನ್ನಾಗಿ ಕಾದ ಮೇಲೆ ಇಕ್ಕಳದಿಂದ ಎತ್ತಿ ಮೂಸೆಗೆ ಬಿಡುತ್ತಿದ್ದ. ತೇವ ಎಷ್ಟೇ ಸಣ್ಣದಿದ್ದರೂ ದಂಡೆಯ ಮೇಲೆ ಹಾರಿಹೋಗಬೇಕು. ಇದು ಅಜ್ಜನ ಮುಖ ಸುಟ್ಟ ಮೇಲೆ ಆಯಿಯೇ ಮಾಡಿದ ಕಟ್ಟಳೆ.

ಆದರೆ ನಾನು ಮುಂಜಾನೆ ದೇವರ ಕೋಣೆಯಲ್ಲಿ ಒಂದು ಸಂಗತಿ ಕಂಡಿದ್ದೆ. ತಾಮ್ರದ ಬಟ್ಟಲಿನ ಅರಿಶಿಣ ನೀರಿನಲ್ಲಿ ಒಂದು ಬಂಗಾರದ ಗುಂಡು ಮುಳುಗಿತ್ತು. ಆಯಿ ಅದನ್ನು ಎರಡು ಬೆರಳಲ್ಲಿ ಎತ್ತಿ ನನಗೆ ತೋರಿಸಿದಳು.

"ನಿಮ್ಮಜ್ಜ ಕಟ್ಟಿದ ತಾಳಿ ಗುಂಡು. ಆತ ಹೋದಾಗಿಂದ ಪೆಟಿಗ್ಯಾಗ ಬಿದ್ದಿತ್ತು. ಇವತ್ತ ದೇವರ ಪಾಲಿಗೆ ಹೊಂಟೈತಿ, ತೊಳದು ಮಡಿ ಮಾಡಿ ಕಳಸಬೇಕು."

ಸೆರಗಿನಿಂದ ಒರೆಸಿದಳು. ಗುಂಡು ಟೊಳ್ಳು. ಹೊಸದಿದ್ದಾಗ ಒಳಗೆ ತುಂಬಿದ್ದ ಅರಗು ಎಷ್ಟೋ ಉದುರಿಹೋಗಿ, ಉಳಿದದ್ದು ದಾರ ಪೋಣಿಸುವ ತೂತಿಗೆ ಗಟ್ಟಿಯಾಗಿ ಅಂಟಿತ್ತು. ಆಕೆ ಒರೆಸುವಾಗ ಆ ತೂತಿನ ಅಂಚಿನಲ್ಲಿ ಒಂದು ಹಳದಿ ಹನಿ ಇಣುಕಿ ಮತ್ತೆ ಒಳಗೆ ಹೋದದ್ದನ್ನು ನಾನು ನೋಡಿದೆ. ಆಯಿಯ ಕಣ್ಣು ಮಂಜಾಗಿದ್ದವು, ಆಕೆ ನೋಡಲಿಲ್ಲ. ಗುಂಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ದಂಡೆಯ ಮೇಲೆ ಹೇಗೂ ಕಾಯುತ್ತದೆ ಎಂದು ನಾನು ಸಮಾಧಾನ ಮಾಡಿಕೊಂಡೆ.

ತಾಮ್ರ ಕರಗಲು ಬಹಳ ಹೊತ್ತು ಹಿಡಿಯಿತು. ಬರೀ ತಾಮ್ರ ಹಟಮಾರಿ, ಬಿಳಿ ಉರಿ ಬರುವವರೆಗೆ ಮಣಿಯುವುದಿಲ್ಲ. ಜನ ಕೊಟ್ಟ ಚೂರುಗಳನ್ನೆಲ್ಲ ಹಾಕಿಯಾದ ಮೇಲೆ ಅಪ್ಪ ತವರ ಬಿಟ್ಟ. ಅಂಬಲಿಯಂತಿದ್ದದ್ದು ನೋಡನೋಡುತ್ತ ತೆಳ್ಳಗಾಗಿ ಮೂಸೆಯಲ್ಲಿ ತಿರುಗಾಡಿತು. ತವರ ಬಿದ್ದ ಮೇಲೆ ಕಾಯುವಂತಿಲ್ಲ. ಕಾದಷ್ಟೂ ತವರ ಸುಟ್ಟುಹೋಗಿ ಪಾಲು ಕೆಡುತ್ತದೆ. ಅಪ್ಪ ಒಂದು ಕಡೆ, ಅವ್ವ ಇನ್ನೊಂದು ಕಡೆ ಇಕ್ಕಳಕ್ಕೆ ಕೈ ಹಾಕಿ ನಿಂತರು. ಅವ್ವ ಸೀರೆ ಕಚ್ಚೆ ಕಟ್ಟಿದ್ದಳು. ಆಕೆಯ ಕೆನ್ನೆಯ ಮೇಲೆ ಕೆಂಪು ಬೆಳಕು ಬಿದ್ದು, ಯಾರದೋ ಬೇರೆಯವರ ಮುಖದಂತೆ ಕಾಣುತ್ತಿತ್ತು. ಆಗ ಆಯಿ ಎದ್ದಳು. ಸೆರಗಿನ ಗಂಟು ಬಿಚ್ಚಿ ಗುಂಡನ್ನು ಮುಷ್ಟಿಯಲ್ಲಿ ಹಿಡಿದು ಮೂಸೆಯ ಹತ್ತಿರ ಬಂದಳು.

"ಅವ್ವಾ, ದಂಡಿ ಮ್ಯಾಲ ಇಡು, ಕಾಯಲಿ," ಎಂದ ಅಪ್ಪ ಆಯಿಗೆ.

"ತಾಳಿ ಬಂಗಾರ ಬೂದ್ಯಾಗ ಇಡೂದೇನು? ನನ್ನ ಕೈಲಿಂದ ಸೀದಾ ದೇವರಿಗೆ ಹೋಗಬೇಕು. ಒರಸೀನಿ, ಒಣಗೈತಿ ಅದು."

ಅಪ್ಪ ಆಯಿಗೆ ಎದುರು ಮಾತಾಡಿದ್ದನ್ನು ನಾನು ಎಂದೂ ಕೇಳಿಲ್ಲ. ನನ್ನ ಬಾಯಿ ತೆರೆಯಲೇ ಇಲ್ಲ. ಒಳಗೆ ನೀರೈತಿ ಎನ್ನುವ ಎರಡು ಮಾತು ಹೊರಡಲಿಲ್ಲ. ಬರೆಯ ಬೆದರಿಕೆಯ ನೆನಪು, ಚೆಲ್ಲಿದ ಕಂಚಿನ ನೆನಪು, ಮತ್ತೆ ಕಿರುಚಿದರೆ ಇಬ್ಬರೂ ಬೆಚ್ಚಿ ಕೈಬಿಟ್ಟಾರೆಂಬ ಭಯ. ಕೂಗಿದರೂ ಸಾಯುತ್ತಾರೆ, ಕೂಗದಿದ್ದರೂ ಸಾಯುತ್ತಾರೆ. ಅಂಥ ಅಂಜಿಕೆಯನ್ನು ನಾನು ಮುಂದೆ ಎಂದೂ ಉಂಡಿಲ್ಲ. ಓಡಿ ಹೋಗಿ ಆಯಿಯ ತೋಳಿಗೆ ಎರಡೂ ಕೈಯಿಂದ ಜೋತುಬಿದ್ದೆ.

"ಬಿಡ," ಎಂದಳು ಆಯಿ.

ಬಿಡಲಿಲ್ಲ. ಹಿಂದೆ ನಿಂತ ಜನ ನಕ್ಕರು. "ಹುಡುಗಿ ಬೆಂಕಿಗೆ ಅಂಜ್ಯಾಳ, ಹೊರಗ ಕರಕೊಂಡು ಹೋಗ್ರಿ," ಎಂದು ಯಾರೋ ಅಂದರು. ಆಯಿ ಇನ್ನೊಂದು ಕೈಯಿಂದ ನನ್ನ ಕೆನ್ನೆಗೆ ಬಾರಿಸಿದಳು. ಕಣ್ಣಲ್ಲಿ ನೀರು ಬಂದಾಗ ನನಗೆ ಇನ್ನಷ್ಟು ಭಯವಾಗಿ, ಹನಿ ಬೀಳದಿರಲೆಂದು ಮುಖವನ್ನು ಆಕೆಯ ಸೀರೆಗೆ ಒತ್ತಿಕೊಂಡೆ. ಅವ್ವ ಇಕ್ಕಳ ಬಿಟ್ಟು ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು.

"ನೀಲಾ, ಏನ ಕಂಡಿ ಹೇಳು."

"ಒಳಗ," ಎಂದೆ. ಅಷ್ಟೇ ಹೊರಟದ್ದು. "ಗುಂಡಿನ್ಯಾಗ."

ಅವ್ವ ಎದ್ದಳು. "ಅತ್ತೀ, ಒಂದ ಗಳಿಗಿ ದಂಡಿ ಮ್ಯಾಲ ಇಡ್ರಿ."

"ಈ ಪುಕ್ಕಲ ಹುಡುಗಿ ಮಾತ ಕೇಳಿ ಊರ ಮಂದಿ ಮುಂದ ನನ್ನ ಮರ್ಯಾದಿ ತಗೀತೀ?"

"ನೀವು ಇಡಲಿಲ್ಲಂದ್ರ ನಾ ಇಕ್ಕಳ ಹಿಡಿಯೂದಿಲ್ರಿ."

ಮದುವೆಯಾಗಿ ಬಂದಾಗಿನಿಂದ ಅವ್ವ ಆಡಿರದ ಮಾತು ಅದು. ತಿದಿ ಒತ್ತಿ ಕುಲುಮೆಗೆ ಗಾಳಿ ಊದುತ್ತಿದ್ದ ಆಳು ಕೈ ನಿಲ್ಲಿಸಿದ. ಅಪ್ಪ ಮೂಸೆಯನ್ನು ಒಮ್ಮೆ, ಅವ್ವನನ್ನು ಒಮ್ಮೆ ನೋಡಿದ. ಅಲ್ಲಿ ತವರ ಸುಡುತ್ತಿತ್ತು. ಆಯಿ ಗುಂಡನ್ನು ದಂಡೆಯ ಮೇಲೆ ಒಗೆದು ದೂರ ಸರಿದು ನಿಂತಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಬಂಗಾರ ಸುಮ್ಮನೆ ಬೂದಿಯಲ್ಲಿ ಹೊಳೆಯುತ್ತಿತ್ತು. ಆಯಿ ಅವ್ವನ ಕಡೆ ನೋಡಿದ ನೋಟ ನನಗೆ ಇಂದಿಗೂ ಬೇಡ. ನಾನು ಮತ್ತೊಮ್ಮೆ ಹಲ್ಲಿಯನ್ನು ಹನಿ ಅಂದುಕೊಂಡೆನೇನೋ, ನನ್ನಿಂದ ಅವ್ವನ ಮಾನವೂ ಹೋಯಿತು, ಗಂಟೆಯೂ ಹೋಯಿತು ಎನ್ನುವಷ್ಟರಲ್ಲಿ ಸುಂಯ್ ಎಂದು ಸಣ್ಣಗೆ ಸದ್ದಾಯಿತು. ಮರುಕ್ಷಣ ಗುಂಡು ಹುರಿಗಡಲೆಯಂತೆ ಸಿಡಿದು ಹಾರಿ ಮೇಲಿನ ತಗಡಿಗೆ ಠಣ್ಣೆಂದು ಬಡಿದು, ಗೌಡರ ಕಾಲ ಬಳಿ ಬಾಯಿ ಬಿಟ್ಟುಕೊಂಡು ಬಿತ್ತು.

ಅಪ್ಪ ಅದನ್ನು ಇಕ್ಕಳದಿಂದ ಎತ್ತಿ, ಮತ್ತೆ ಬೆಂಕಿಗೆ ಹಿಡಿದು, ಮೂಸೆಗೆ ಬಿಟ್ಟ. ಸದ್ದಿಲ್ಲದೆ ಕರಗಿತು. ಆಮೇಲೆ ಅವ್ವನಿಗೆ, "ಹಿಡಿ," ಎಂದ. ಇಬ್ಬರೂ ಎತ್ತಿದರು. ಉರಿಯುವ ಆ ಮೂಸೆ ಅವ್ವನ ಮೊಣಕಾಲಿನ ಪಕ್ಕದಲ್ಲೇ ತೂಗುತ್ತ ಹೋಯಿತು. ನಾನು ಕಣ್ಣು ಮುಚ್ಚಬೇಕೆಂದುಕೊಂಡೆ, ಆಗಲಿಲ್ಲ. ಮುಚ್ಚಿದ ಹೊತ್ತಿನಲ್ಲೇ ಏನಾದರೂ ಆದರೆ? ಕಂಚು ಕಿತ್ತಳೆ ಬಣ್ಣದ ಹಗ್ಗವಾಗಿ ನೆಲದಲ್ಲಿ ಹೂತ ಅಚ್ಚಿನ ಬಾಯಿಗೆ ಇಳಿಯಿತು. ಅಚ್ಚು ಗಟಗಟ ಕುಡಿಯಿತು. ಒಂದು ಸಲ ಅವ್ವನ ಕಾಲು ಉಸುಕಿನಲ್ಲಿ ಸ್ವಲ್ಪ ಜಾರಿತು, ಅಪ್ಪ "ಹೂಂ" ಎಂದ, ಆಕೆ ನಿಂತಳು. ಅಚ್ಚಿನ ಇನ್ನೊಂದು ಬಾಯಿಂದ ಕಂಚು ಉಕ್ಕಿ ಬಂದಾಗ ಜನ ದೇವರ ಹೆಸರು ಹೇಳಿ ಕೈ ಮುಗಿದರು. ಮೂಸೆ ಇಳಿಸಿದ ಮೇಲೂ ಅವ್ವನ ಬೆರಳು ಇಕ್ಕಳದಿಂದ ಬಿಡಲೊಲ್ಲವು. ಅಪ್ಪ ಒಂದೊಂದಾಗಿ ಬಿಡಿಸಿದ. ಆಕೆ ಮನೆ ದಾಟಿ ಬೀದಿಯ ಬಚ್ಚಲಿಗೆ ಹೋಗಿ, ಉಟ್ಟ ಸೀರೆಯಲ್ಲೇ ಕೊಡದ ನೀರನ್ನೆಲ್ಲ ತಲೆಗೆ ಸುರಿದುಕೊಂಡಳು. ಗಂಟೆ ಛಲೋ ಬಂದಿತ್ತು, ಇಂದಿಗೂ ಆ ಗುಡಿಯಲ್ಲಿದೆ. ಅದರ ದನಿಗೂ ಆ ಚೂರು ಬಂಗಾರಕ್ಕೂ ಏನೂ ಸಂಬಂಧವಿಲ್ಲ ಎಂದು ಈಗ ನನಗೆ ಗೊತ್ತು. ಆಯಿಗೆ ಅದನ್ನು ಹೇಳಲು ಹೋಗಲಿಲ್ಲ.

ಊರವರೆಲ್ಲ ಹೋದ ಮೇಲೆ ಸಂಜೆ ಊಟಕ್ಕೆ ಕುಳಿತೆವು. ಆಯಿ ಕತೆ ಹೇಳಲಿಲ್ಲ. ರೊಟ್ಟಿಯನ್ನು ಮುರಿದು ಮುರಿದು ತಟ್ಟೆಯಲ್ಲಿ ಗುಡ್ಡೆ ಹಾಕಿದಳು, ಒಂದು ತುತ್ತೂ ಬಾಯಿಗೆ ಇಡಲಿಲ್ಲ. ನನಗೆ ಇನ್ನೊಂದು ಏಟು ಕಾದಿದೆ ಎಂದೇ ನಾನು ಅವ್ವನಿಗೆ ಅಂಟಿಕೊಂಡು ಕುಳಿತಿದ್ದೆ. ಆಯಿ ಕೈ ಚಾಚಿದಾಗ ಹಿಂದೆ ಸರಿದೆ. ಆಕೆ ತಾನು ಹೊಡೆದ ಕೆನ್ನೆಯನ್ನು ಒರಟು ಬೆರಳಿನಿಂದ ಒಮ್ಮೆ ಮುಟ್ಟಿ, ಅಪ್ಪನ ಕಡೆ ತಿರುಗಿದಳು.

"ನನಗೂ ಅಂಜಿಕಿ ಇತ್ತೋ. ನಿಮ್ಮಪ್ಪನ ಮಾರಿ ಕಂಡ ದಿನದಿಂದ ಇತ್ತು. ಅದರ ಕತಿ ಹೇಳಿ ಹೇಳಿ ಅಂಜಿಕಿ ಸವದು ಹೋಗಿ ಬರೇ ಮಾತು ಉಳದೈತಿ, ನನಗ ತಿಳೀಲೇ ಇಲ್ಲ. ಇವತ್ತ ನಿಮ್ಮಿಬ್ಬರನ್ನೂ ನಾನ ಸುಡತಿದ್ದೆ."

"ಇರಲಿ ಬಿಡವ್ವಾ," ಎಂದ ಅಪ್ಪ.

"ಇರಲಿ ಅನಬ್ಯಾಡ. ನಾಳಿಂದ ಹೊಸ್ತಿಲಾಗ ಈಕಿ ಕುಂದರಲಿ. ಈಕಿ ನೋಡಿ ಹೂಂ ಅಂದ ಮ್ಯಾಲನ ಮೂಸಿಗೆ ಹಾಕು. ಮನ್ಯಾಗ ಅಂಜಿಕಿ ಉಳಿದಿದ್ದು ಈಕಿ ಒಬ್ಬಾಕಿಗೆ."

ಅಪ್ಪ ತಲೆಯಾಡಿಸಿದ. ಈ ಮಗುವಿಗೆ ಅದೆಲ್ಲ ಯಾಕೆ, ಆಕೆ ಇನ್ನೂ ಸಣ್ಣಾಕಿ ಎಂದು ಅವ್ವ ಹೇಳುತ್ತಾಳೆಂದು ನಾನು ಆಕೆಯ ಮುಖ ನೋಡಿದೆ. ಒದ್ದೆ ಕೂದಲು ಬೆನ್ನ ಮೇಲೆ ಹರಡಿಕೊಂಡು ಕುಳಿತಿದ್ದ ಅವ್ವ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ದೊಡ್ಡವರಿಗೆ ಹಾಕುವ ಹಾಗೆ, ಬೇಕೇ ಎಂದು ಕೇಳದೆ. ನನಗೆ ಹೆಮ್ಮೆ ಆಗಲಿಲ್ಲ. ಅಲ್ಲಿಯವರೆಗೆ ನಾನು ಅಂಜಿದಾಗಲೆಲ್ಲ ಏನೂ ಆಗೂದಿಲ್ಲ ಬಾ ಎನ್ನಲು ಮನೆಯಲ್ಲಿ ಮೂರು ಮಂದಿ ಇದ್ದರು. ಆ ಊಟ ಮುಗಿಸಿ ಎದ್ದ ಮೇಲೆ ಮೂರೂ ಮಂದಿ ಅದೇ ಮಾತನ್ನು ನನ್ನ ಬಾಯಿಂದ ಕೇಳಲು ಕಾಯತೊಡಗಿದರು.